ಪುಡಿ ಹಚ್ಚಿದರೂ ಬೇರು ಬರಲಿಲ್ಲ: ಕಡ್ಡಿಯ ಒಳಗೆ ಆಕ್ಸಿನ್ ಮಾಡುವುದೇನು?

ಕಡ್ಡಿನಾಟಿ

ದಾಸವಾಳದ ಕಡ್ಡಿಗಳಿಗೆ ಐಬಿಎ (ಬೇರು ಬರಿಸುವ ಆಕ್ಸಿನ್ ಅನ್ನುವ ಹಾರ್ಮೋನಿನ ಒಂದು ಬಗೆ) ಪುಡಿ ಹಚ್ಚಿ ನೆಟ್ಟಿದ್ದೇನೆ. ಎಲ್ಲವೂ ಒಂದೇ ಗಿಡದವು. ಪುಡಿ ಒಂದೇ, ಮರಳೂ ಒಂದೇ. ಕೆಲವಕ್ಕೆ ಸೊಂಪಾಗಿ ಬೇರು ಬಂದಿದೆ. ಉಳಿದವು ಬುಡದಲ್ಲಿ ಬಿಳಿ ಗಂಟು ಕಟ್ಟಿಕೊಂಡು ಹಾಗೇ ಕೂತಿವೆ. ಕಿತ್ತು ನೋಡಿದರೆ ಬೇರಿನ ಸುಳಿವೇ ಇಲ್ಲ. ಎಲೆ ಪೂರ್ತಿ ತೆಗೆದ ಕಡ್ಡಿಗಳಲ್ಲೇ ಈ ಸಮಸ್ಯೆ ಜಾಸ್ತಿ.

ನೀರು ಆರಿಹೋಗಬಾರದು ಅಂತ ಎಲೆ ತೆಗೆಯುತ್ತೇವೆ ಅಲ್ವಾ? ಹಾರ್ಮೋನು ಪುಡಿಯಲ್ಲೇ ಇದೆ ಅಂದಮೇಲೆ ಎಲೆ ಇದ್ದರೆಷ್ಟು, ಬಿಟ್ಟರೆಷ್ಟು? ಯಾವ ಪುಡಿ ಒಳ್ಳೆಯದು ಅನ್ನುವುದು ನನ್ನ ಪ್ರಶ್ನೆ ಅಲ್ಲ. ಕಡ್ಡಿಯ ಒಳಗೆ ನಿಜವಾಗಿ ಏನು ನಡೆಯುತ್ತದೆ ಅಂತ ತಿಳಿಯಬೇಕು.

ಮಣ್ಣುಹುಳು

ಗಂಟು ಬಂದಿದೆ ಅಂದರೆ ಕಡ್ಡಿ ಜೀವಂತ ಇದೆ ಅಂತ ಅರ್ಥ. ಕಾಯಿರಿ. ಗಂಟಿನಿಂದಲೇ ಬೇರು ಹೊರಡುತ್ತದೆ. ಬುಡ ಬೆಚ್ಚಗಿರಲಿ, ಮೇಲಿನ ಗಾಳಿಯಲ್ಲಿ ತೇವ ಇರಲಿ. ಇಷ್ಟು ವರ್ಷ ಕಡ್ಡಿ ನೆಟ್ಟು ನಾನು ಕಂಡಿದ್ದು ಇದನ್ನೇ.

ಬೇರುಬಿಳಲು

ಕಾಯಿರಿ ಅನ್ನುವ ಮಾತು ಒಪ್ಪುತ್ತೇನೆ. ಗಂಟಿನಿಂದಲೇ ಬೇರು ಬರುತ್ತದೆ ಅನ್ನುವುದನ್ನು ಮಾತ್ರ ಎಲ್ಲ ಗಿಡಗಳಿಗೂ ಹೇಳಲು ಬರುವುದಿಲ್ಲ. ಆ ಗಂಟಿಗೆ ಕ್ಯಾಲಸ್ ಅಂತಾರೆ. ಗಾಯದ ಹತ್ತಿರದ ಕೋಶಗಳು ಯಾವ ರೂಪವೂ ಇಲ್ಲದೆ ಒಡೆದು ಒಡೆದು ತುಂಬಿಕೊಂಡ ರಾಶಿ ಅದು. ಸುಲಭವಾಗಿ ಬೇರು ಬಿಡುವ ಬಹಳಷ್ಟು ಗಿಡಗಳಲ್ಲಿ ಬೇರು ಹುಟ್ಟುವ ಜಾಗವೇ ಬೇರೆ. ಅದು ಕಾಂಡದ ಒಳಗೆ, ನೀರು ಮತ್ತು ಸಕ್ಕರೆ ಸಾಗಿಸುವ ಕೊಳವೆಗಳ ಪಕ್ಕದಲ್ಲಿ, ಕ್ಯಾಂಬಿಯಂ (ತೊಗಟೆಗೂ ಮರಭಾಗಕ್ಕೂ ನಡುವೆ ಹೊಸ ಕೋಶ ಹುಟ್ಟಿಸುವ ತೆಳು ಪದರ) ಆಸುಪಾಸಿನ ಕೋಶಗಳಲ್ಲಿ. ಗಾಯ, ತೇವ, ಆಕ್ಸಿನ್ ಮೂರೂ ಸೇರಿದರೆ ಕ್ಯಾಲಸ್ಸೂ ಬರುತ್ತದೆ, ಬೇರೂ ಬರುತ್ತದೆ. ಒಟ್ಟಿಗೆ ಕಾಣಿಸಿಕೊಳ್ಳುವುದರಿಂದ ಒಂದರಿಂದ ಇನ್ನೊಂದು ಬಂತು ಅನ್ನಿಸುತ್ತದೆ. ಕೆಲವು ಗಟ್ಟಿ ಗಿಡಗಳಲ್ಲಿ ಬೇರು ನಿಜವಾಗಿಯೂ ಕ್ಯಾಲಸ್ ಒಳಗಿಂದ ಹೊರಡುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ.

ನಂಬಿಕೆ ಬರದಿದ್ದರೆ ಬೇರು ಇನ್ನೇನು ಬರಬೇಕು ಅನ್ನುವ ಹಂತದ ಕಡ್ಡಿಯೊಂದನ್ನು ತ್ಯಾಗ ಮಾಡಿ. ಹೊಸ ಬ್ಲೇಡಿನಿಂದ ಬುಡವನ್ನು ಅಡ್ಡಡ್ಡಕ್ಕೆ ತೆಳ್ಳಗೆ ಸೀಳಿ ಭೂತಗನ್ನಡಿ ಹಿಡಿಯಿರಿ. ನಡುವಿನ ಮರಭಾಗದ ಅಂಚಿನಿಂದ ಹೊರಗೆ ಮುಖ ಮಾಡಿದ ಚಿಕ್ಕ ಬಿಳಿ ಮೊನೆಗಳು ಕಾಣುತ್ತವೆ. ತೊಗಟೆ ಇನ್ನೂ ಒಡೆದಿರುವುದಿಲ್ಲ. ಬೇರು ಅಷ್ಟರಲ್ಲಾಗಲೇ ಒಳಗೆ ತಯಾರಾಗಿರುತ್ತದೆ.

ಇನ್ನು ಎಲೆಯ ವಿಷಯ. ಬೇರು ಹುಟ್ಟಿಸುವ ಏನೋ ಒಂದು ವಸ್ತು ಎಲೆಯಲ್ಲಿ ತಯಾರಾಗಿ ಕೆಳಗಿಳಿಯುತ್ತದೆ ಅಂತ 1880ರ ಸುಮಾರಿಗೇ ಜರ್ಮನಿಯ ಯೂಲಿಯಸ್ ಸಾಕ್ಸ್ ಹೇಳಿದ್ದರು. ಆಗ ಅದು ಊಹೆ. 1920ರ ದಶಕದಲ್ಲಿ ಹಾಲೆಂಡಿನ ಫ್ರಿಟ್ಸ್ ವೆಂಟ್ ಓಟ್ಸ್ ಮೊಳಕೆಯ ತುದಿ ಕತ್ತರಿಸಿ ಅಗರ್ (ಜೆಲ್ಲಿಯಂಥ ವಸ್ತು) ತುಂಡಿನ ಮೇಲಿಟ್ಟರು. ಆಮೇಲೆ ತುದಿ ಎಸೆದು, ಬರೀ ಅಗರ್ ತುಂಡನ್ನು ಬೋಳು ಮೊಳಕೆಯ ಒಂದು ಬದಿಗೆ ಕೂರಿಸಿದರು. ಮೊಳಕೆ ಬಾಗಿ ಬೆಳೆಯಿತು. ಅಂದರೆ ತುದಿಯಿಂದ ಅಗರ್‌ಗೆ ಒಂದು ವಸ್ತು ಇಳಿದಿತ್ತು. 1934ರಲ್ಲಿ ಕೋಗ್ಲ್ ಮತ್ತು ಸಂಗಡಿಗರು ಮನುಷ್ಯರ ಮೂತ್ರದಿಂದ ಇಂಡೋಲ್ ಅಸಿಟಿಕ್ ಆಮ್ಲ ಬೇರ್ಪಡಿಸಿ, ಅದಕ್ಕೆ ಇದೇ ಗುಣ ಇದೆ ಅಂತ ತೋರಿಸಿದರು. ಅದೇ ಐಎಎ, ಗಿಡದೊಳಗಿನ ಮುಖ್ಯ ಆಕ್ಸಿನ್. ಅದು ಕಡ್ಡಿಗೆ ಬೇರು ಬರಿಸುತ್ತದೆ ಅಂತ ಮರುವರ್ಷವೇ ಗೊತ್ತಾಯಿತು. ಅದೇ 1935ರಲ್ಲಿ ಜಿಮ್ಮರ್‌ಮನ್ ಮತ್ತು ವಿಲ್ಕಾಕ್ಸನ್ ನಿಮ್ಮ ಪುಡಿಯ ಐಬಿಎ ಮತ್ತು ಎನ್‌ಎಎ ಅನ್ನುವ ಇನ್ನೊಂದು ಆಕ್ಸಿನ್, ಎರಡರ ಗುಣವನ್ನೂ ತೋರಿಸಿದರು.

ಐಎಎ ಬಿಟ್ಟು ಪುಡಿಗೆ ಐಬಿಎ ಹಾಕುವುದು ಯಾಕೆ? ಐಎಎ ಬೆಳಕಿಗೆ, ಸೂಕ್ಷ್ಮಜೀವಿಗಳಿಗೆ ಬೇಗ ಹಾಳಾಗುತ್ತದೆ. ಐಬಿಎ ತಾಳಿಕೊಳ್ಳುತ್ತದೆ. ಕೋಶದೊಳಗೆ ಹೋದಮೇಲೆ ಗಿಡವೇ ಅದರ ಒಂದು ಪಾಲನ್ನು ನಿಧಾನವಾಗಿ ಐಎಎ ಆಗಿ ಬದಲಿಸಿಕೊಳ್ಳುತ್ತದೆ.

ಎಳೆ ಎಲೆ, ಕುಡಿಗಳಲ್ಲಿ ಆಕ್ಸಿನ್ ತಯಾರಾಗುತ್ತದೆ. ಕೆಳಗೆ ಹರಿಯುತ್ತದೆ. ನೀವು ಕತ್ತರಿಸಿದ ಜಾಗದಲ್ಲಿ ದಾರಿ ಮುಗಿಯುತ್ತದೆ, ಅಲ್ಲಿ ಶೇಖರವಾಗುತ್ತದೆ. ಆ ರಾಶಿಯೇ ಬೇರಿಗೆ ಮೊದಲ ಕರೆ.

ಎಲೆಮನೆ

ಒಂದು ಅನುಮಾನ. ಕೆಳಗೇ ಯಾಕೆ ಹರಿಯಬೇಕು? ನೀರಿನಂತೆ ಭಾರಕ್ಕೆ ಇಳಿಯುತ್ತದೆಯಾ? ಹಾಗಾದರೆ ಕಡ್ಡಿಯನ್ನು ತಲೆಕೆಳಗೆ ನೇತುಹಾಕಿದರೆ ತುದಿಯಲ್ಲಿ ಬೇರು ಬರಬೇಕಲ್ಲ?

ಬೇರುಬಿಳಲು

ಬರುವುದಿಲ್ಲ! 1878ರಲ್ಲೇ ಹೆರ್ಮನ್ ಫ್ಯೋಕ್ಟಿಂಗ್ ವಿಲೋ ಮರದ ತುಂಡುಗಳನ್ನು ತಲೆಕೆಳಗೆ ತೂಗುಹಾಕಿ ನೋಡಿದ್ದರು. ಬುಡ ಆಕಾಶ ನೋಡುತ್ತಿದ್ದರೂ ಹೆಚ್ಚಿನ ಬೇರು ಹುಟ್ಟಿದ್ದು ಬುಡದ ಕಡೆಯೇ. ಹರಿವಿನ ದಿಕ್ಕು ಅಂಗಾಂಶದ ಒಳಗೇ ಇದೆ.

ಕೋಶದ ಹೊರಗೋಡೆಯಲ್ಲಿ ಸ್ವಲ್ಪ ಹುಳಿ ಇದೆ, ಪಿಎಚ್ ಸುಮಾರು 5.5. ಅಲ್ಲಿ ಆಕ್ಸಿನ್‌ನ ಶೇ. 15ರಷ್ಟು ಭಾಗ ವಿದ್ಯುದಂಶ ಇಲ್ಲದ ರೂಪದಲ್ಲಿ ಇರುತ್ತದೆ. ಆ ರೂಪಕ್ಕೆ ಪೊರೆ ದಾಟುವುದು ಸುಲಭ. ಕೋಶದ ಒಳಗೆ ಪಿಎಚ್ 7ರ ಆಸುಪಾಸು. ಒಳಗೆ ಬಂದ ತಕ್ಷಣ ಹೆಚ್ಚುಕಮ್ಮಿ ಎಲ್ಲವೂ ಪ್ರೋಟಾನ್ ಕಳೆದುಕೊಂಡು ಋಣ ಅಯಾನು ಆಗುತ್ತದೆ. ಆ ರೂಪ ಪೊರೆ ದಾಟಲಾರದು, ಅಲ್ಲೇ ಸಿಕ್ಕಿಬೀಳುತ್ತದೆ. ಆಚೆ ಹೋಗಬೇಕಾದರೆ ಪಿನ್ ಅನ್ನುವ ಪ್ರೋಟೀನುಗಳೇ ದಾಟಿಸಬೇಕು. ಕಾಂಡದ ಈ ಕೋಶಗಳಲ್ಲಿ ಪಿನ್ ಇರುವುದು ಹೆಚ್ಚಾಗಿ ಬುಡದ ಕಡೆಯ ಪೊರೆಯಲ್ಲಿ. ಒಳಗೆ ಬರುವುದು ಯಾವ ಕಡೆಯಿಂದಲಾದರೂ ಆಗಬಹುದು, ಹೊರಗೆ ಹೋಗುವುದು ಮಾತ್ರ ಬುಡದ ಕಡೆಗೆ. ಕೋಶದಿಂದ ಕೋಶಕ್ಕೆ ಹೀಗೇ ದಾಟುತ್ತಾ ಗಂಟೆಗೆ ಸುಮಾರು 1 ಸೆಂಟಿಮೀಟರ್ ಸಾಗುತ್ತದೆ.

ರೂಬೆರಿ ಮತ್ತು ಶೆಲ್ಡ್ರೇಕ್ 1974ರಲ್ಲಿ, ರೇವನ್ 1975ರಲ್ಲಿ ಈ ಲೆಕ್ಕಾಚಾರ ಮುಂದಿಟ್ಟರು. ಆಗ ಯಾರೂ ಪಿನ್ ಪ್ರೋಟೀನನ್ನು ಕಂಡಿರಲಿಲ್ಲ. ಎರಡು ದಶಕ ಕಳೆದಮೇಲೆ ಅದು ಸಿಕ್ಕಿತು, ಅವರು ಹೇಳಿದ ಜಾಗದಲ್ಲೇ ಕೂತಿತ್ತು. ಸಸ್ಯವಿಜ್ಞಾನದಲ್ಲಿ ನನಗೆ ತುಂಬ ಇಷ್ಟವಾದ ಸಂಗತಿ ಇದು.

ಮಣ್ಣುಹುಳು

ಎಲ್ಲಾ ಸರಿ, ಆದರೆ ಕಡ್ಡಿನಾಟಿ ಕೇಳಿದ್ದಕ್ಕೆ ಇನ್ನೂ ಉತ್ತರ ಬಂದಿಲ್ಲ. ಎಲೆ ಕೊಡುವುದು ಆಕ್ಸಿನ್ ಆದರೆ, ಅದನ್ನು ಪುಡಿಯೇ ಕೊಟ್ಟಿದೆಯಲ್ಲ. ಎಲೆ ಇಲ್ಲದ ಕಡ್ಡಿ ಯಾಕೆ ಸುಮ್ನೆ ಕೂತಿತು?

ಗಾಜಿನಸೀಸೆ

ಅಂಗಾಂಶ ಕೃಷಿಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ಈ ಪ್ರಶ್ನೆಗೆ ದಾಸವಾಳದಲ್ಲೇ ಉತ್ತರ ಹುಡುಕಿದವರಿದ್ದಾರೆ!

1940ರ ದಶಕದ ಮಧ್ಯದಲ್ಲಿ ವಾನ್ ಓವರ್‌ಬೀಕ್ ಮತ್ತು ಜೊತೆಗಾರರು ಕೆಂಪು ದಾಸವಾಳ, ಬಿಳಿ ದಾಸವಾಳ ಎರಡನ್ನೂ ತೆಗೆದುಕೊಂಡರು. ಆಕ್ಸಿನ್ ಕೊಟ್ಟರೆ ಕೆಂಪಿನ ಕಡ್ಡಿ ಬೇರು ಬಿಡುತ್ತಿತ್ತು, ಬಿಳಿಯದು ಬಿಡುತ್ತಿರಲಿಲ್ಲ. ಬಿಳಿಯ ಕಡ್ಡಿಗೆ ಎಲೆ ಇರುವ ಕೆಂಪು ತುಂಡನ್ನು ಕಸಿ ಕಟ್ಟಿ ಆಕ್ಸಿನ್ ಕೊಟ್ಟರು. ಆಗ ಬಿಳಿಯ ಬುಡದಲ್ಲೂ ಬೇರು ಬಂತು. ಅಂದರೆ ಎಲೆಯಿಂದ ಆಕ್ಸಿನ್ ಅಲ್ಲದ ಬೇರೆ ಏನೋ ಇಳಿಯುತ್ತಿದೆ ಅಂತಾಯಿತು. ಇನ್ಯಾವುದೋ ಹಾರ್ಮೋನು ಇರಬೇಕು ಅಂತ ಆಗ ಬಹಳ ಜನ ಹುಡುಕುತ್ತಿದ್ದರು. 1946ರಲ್ಲಿ ಇವರು ತೋರಿಸಿದ್ದು ತುಂಬ ಸರಳ ವಿಷಯ. ಎಲೆಯ ಬದಲು ಕಡ್ಡಿಗೆ ಸಕ್ಕರೆ ಮತ್ತು ಸಾರಜನಕದ ಸಂಯುಕ್ತಗಳನ್ನು ಕೊಟ್ಟು, ಜೊತೆಗೆ ಆಕ್ಸಿನ್ ಕೊಟ್ಟರೂ ಬೇರು ಬಂತು.

ಹೊಸ ಬೇರು ಅಂದರೆ ಸಾವಿರಾರು ಹೊಸ ಕೋಶ. ಪ್ರತಿ ಕೋಶಕ್ಕೂ ಗೋಡೆ ಬೇಕು, ಪ್ರೋಟೀನ್ ಬೇಕು, ಶಕ್ತಿ ಬೇಕು. ಆಕ್ಸಿನ್ ಬರೀ ಆದೇಶ, ಅದರಲ್ಲಿ ಸಾಮಗ್ರಿ ಇಲ್ಲ. ಎಲೆ ಇಲ್ಲದ ಮೆತ್ತನೆಯ ಕಡ್ಡಿಯಲ್ಲಿ ಕೂಡಿಟ್ಟ ಪಿಷ್ಟವೂ ಕಡಿಮೆ. ಆದೇಶ ಬಂದರೂ ಕೆಲಸ ಮುಂದೆ ಸಾಗುವುದಿಲ್ಲ. ಎಲೆ ಉದುರಿಸಿಕೊಂಡು ನಿಂತ ಗಟ್ಟಿ ಮರದ ಕಡ್ಡಿಗಳ ಕಥೆ ಬೇರೆ. ಅವುಗಳ ಕಾಂಡದಲ್ಲೇ ಪಿಷ್ಟ ಇರುತ್ತದೆ, ಹಾಗಾಗಿ ಎಲೆ ಇಲ್ಲದೆಯೂ ಬೇರು ಬಿಡುತ್ತವೆ.

ಕಡ್ಡಿನಾಟಿ

ನನ್ನ ಗಿಡಕ್ಕೇ ಉತ್ತರ ಇತ್ತು ಅಂತ ಅಂದುಕೊಂಡಿರಲಿಲ್ಲ. ತುಂಬ ಖುಷಿಯಾಯಿತು. ಇನ್ನೊಂದು ಪ್ರಶ್ನೆ. ಬುಡದ ತೊಗಟೆ ಸ್ವಲ್ಪ ಕೆರೆದು ನೆಟ್ಟರೆ ಒಳ್ಳೆಯದು ಅಂತಾರೆ. ಗಾಯ ಜಾಸ್ತಿ ಆದರೆ ಬೇರು ಯಾಕೆ ಜಾಸ್ತಿ? ಪುಡಿ ಒಳಗೆ ಇಳಿಯಲು ದಾರಿಯಾಗುತ್ತದೆ ಅಂತ ಮಾತ್ರವೇ?

ಬೇರುಬಿಳಲು

ಅದೂ ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ, ಗಾಯವೇ ಒಂದು ಸಂಕೇತ. ಪ್ರಯೋಗಗಳಿಗೆ ಹೆಚ್ಚು ಬಳಸುವ ಅರಾಬಿಡಾಪ್ಸಿಸ್ ಅನ್ನುವ ಪುಟ್ಟ ಗಿಡದ ಎಲೆಯನ್ನು ಕತ್ತರಿಸಿ ಇಟ್ಟರೆ ತೊಟ್ಟಿನ ಕೊಯ್ದ ಜಾಗದಲ್ಲಿ ಬೇರು ಬರುತ್ತದೆ. ಅಲ್ಲಿ ಇದನ್ನು ಹಂತಹಂತವಾಗಿ ಬಿಡಿಸಿ ನೋಡಿದ್ದಾರೆ. ಕತ್ತರಿಸಿದ ಹತ್ತು ನಿಮಿಷದೊಳಗೆ ಜಾಸ್ಮೊನೇಟ್ ಅನ್ನುವ ಹಾರ್ಮೋನು ಏರುತ್ತದೆ. ಹುಳು ಕಚ್ಚಿದಾಗ ಗಿಡ ಎಬ್ಬಿಸುವ ಅದೇ ಅಪಾಯದ ಸಂಕೇತ. ಅದು ಇಆರ್‌ಎಫ್109 ಅನ್ನುವ ಪ್ರೋಟೀನಿನ ಮೂಲಕ ಟ್ರಿಪ್ಟೊಫಾನ್ ಅನ್ನುವ ಅಮೈನೋ ಆಮ್ಲದ ತಯಾರಿಯ ಜೀನನ್ನು ಚುರುಕು ಮಾಡುತ್ತದೆ. ಟ್ರಿಪ್ಟೊಫಾನ್‌ನಿಂದ ಆಕ್ಸಿನ್ ಹುಟ್ಟುತ್ತದೆ. ಆ ಆಕ್ಸಿನ್ ತೊಟ್ಟಿನ ಕೊನೆಗೆ ಬಂದು ಸೇರುತ್ತದೆ. ಅಲ್ಲಿ ಕೊಳವೆಗಳ ಪಕ್ಕದ ಕೆಲವೇ ಕೋಶಗಳಲ್ಲಿ ವಾಕ್ಸ್11 ಅನ್ನುವ ಜೀನ್ ಏಳುತ್ತದೆ. ಆ ಕೋಶಗಳು ಎಲೆಯ ಕೋಶ ಆಗಿರುವುದನ್ನು ಬಿಟ್ಟು ಬೇರಿನ ಮೂಲಕೋಶ ಆಗುತ್ತವೆ. ಆಮೇಲೆ ವಾಕ್ಸ್5 ಎದ್ದು, ಕೋಶ ಒಡೆಯುವುದು ಶುರುವಾಗಿ, ಬೇರಿನ ಮೊನೆ ರೂಪ ತಳೆಯುತ್ತದೆ.

ಆ ಜಾಸ್ಮೊನೇಟ್ ಎರಡು ಗಂಟೆ ಕಳೆಯುವಷ್ಟರಲ್ಲಿ ಇಳಿಯಬೇಕು. ಏರಿದ್ದು ಏರಿಯೇ ಉಳಿದರೆ ಬೇರಿಗೆ ಅಡ್ಡಿಯಾಗುತ್ತದೆ. ಅದೇ ಅರಾಬಿಡಾಪ್ಸಿಸ್‌ನ ಎಳೆ ಮೊಳಕೆಯ ಕಾಂಡದಲ್ಲಂತೂ ಬೇರು ಬರುವುದಕ್ಕೆ ಜಾಸ್ಮೊನೇಟ್ ತಡೆ ಒಡ್ಡುತ್ತದೆ. ಅಲ್ಲಿ ಆಕ್ಸಿನ್‌ನ ಕೆಲಸದ ಒಂದು ಪಾಲು ಜಾಸ್ಮೊನೇಟನ್ನು ಕಡಿಮೆ ಮಾಡುವುದೇ. ಹಾಗಾಗಿ ಈ ಹಾರ್ಮೋನು ಒಳ್ಳೆಯದು, ಆ ಹಾರ್ಮೋನು ಕೆಟ್ಟದು ಅನ್ನುವ ಪಟ್ಟಿಗಳನ್ನು ನಾನು ನಂಬುವುದಿಲ್ಲ. ಯಾವ ಕೋಶದಲ್ಲಿ, ಯಾವ ಗಳಿಗೆಯಲ್ಲಿ ಅಂತ ಕೇಳದೆ ಹಾರ್ಮೋನಿನ ಬಗ್ಗೆ ಏನು ಹೇಳಿದರೂ ಅರ್ಧ ಸತ್ಯ.

ಎಲೆಮನೆ

ಆಕ್ಸಿನ್ ಬಂದಿದೆ ಅಂತ ಕೋಶಕ್ಕೆ ಗೊತ್ತಾಗುವುದು ಹೇಗೆ? ಇಷ್ಟು ಚಿಕ್ಕ ಅಣು ಜೀನುಗಳನ್ನು ಎಬ್ಬಿಸುತ್ತದೆ ಅಂದರೆ ನಡುವೆ ಯಾರೋ ಇರಬೇಕಲ್ವಾ?

ಗಾಜಿನಸೀಸೆ

ಇದ್ದಾರೆ. ಬೇರಿಗೆ ಬೇಕಾದ ಜೀನುಗಳನ್ನು ಎಬ್ಬಿಸಬಲ್ಲ ಪ್ರೋಟೀನುಗಳು ಕೋಶದಲ್ಲಿ ಮೊದಲೇ ಇವೆ, ಅವಕ್ಕೆ ಎಆರ್‌ಎಫ್ ಅಂತ ಹೆಸರು. ಆಕ್ಸ್-ಐಎಎ ಅನ್ನುವ ಇನ್ನೊಂದು ಗುಂಪಿನ ಪ್ರೋಟೀನುಗಳು ಅವನ್ನು ಹಿಡಿದು ಕೂತಿರುತ್ತವೆ. ಆಕ್ಸಿನ್ ಬಂದು ಟಿಐಆರ್1 ಎಂಬ ಗ್ರಾಹಕದ ಗುಳಿಯಲ್ಲಿ ಕೂರುತ್ತದೆ. ಆಗ ಆ ಗ್ರಾಹಕಕ್ಕೂ ಹಿಡಿದು ಕೂತ ಪ್ರೋಟೀನಿಗೂ ನಡುವೆ ಆಕ್ಸಿನ್ ಅಂಟಿನಂತೆ ಕೆಲಸ ಮಾಡುತ್ತದೆ. ಹಾಗೆ ಅಂಟಿಕೊಂಡ ಪ್ರೋಟೀನಿಗೆ ನಾಶದ ಗುರುತು ಬೀಳುತ್ತದೆ, ಕೋಶ ಅದನ್ನು ಒಡೆದುಹಾಕುತ್ತದೆ. ಎಆರ್‌ಎಫ್‌ಗೆ ಬಿಡುಗಡೆ. ಟಿಐಆರ್1 ಗ್ರಾಹಕ ಅಂತ ಖಚಿತವಾಗಿದ್ದು 2005ರಲ್ಲಿ, ಎರಡು ತಂಡಗಳು ಒಂದೇ ಸಮಯಕ್ಕೆ ತೋರಿಸಿದವು. ಅಂದರೆ ಆಕ್ಸಿನ್ ಹೊಸದಾಗಿ ಏನನ್ನೂ ಕಟ್ಟುವುದಿಲ್ಲ, ತಡೆಯನ್ನು ತೆಗೆಯುತ್ತದೆ ಅಷ್ಟೇ.

ಆ ತಡೆ ಹೋಗದಿದ್ದರೆ ಏನಾಗುತ್ತದೆ ಅಂತ ತೋರಿಸುವ ಒಂದು ಅರಾಬಿಡಾಪ್ಸಿಸ್ ತಳಿ ಇದೆ. ಅದರ ಐಎಎ14 ಪ್ರೋಟೀನಿನಲ್ಲಿ (ಇದು ಐಎಎ ಹಾರ್ಮೋನಲ್ಲ, ಹಿಡಿದು ಕೂರುವ ಆಕ್ಸ್-ಐಎಎ ಗುಂಪಿನದು) ಒಂದೇ ಒಂದು ಚಿಕ್ಕ ಬದಲಾವಣೆ. ಆಕ್ಸಿನ್ ಎಷ್ಟೇ ಇದ್ದರೂ ಆ ಪ್ರೋಟೀನ್ ಒಡೆಯುವುದಿಲ್ಲ. ಆ ಗಿಡದ ತಾಯಿಬೇರು ಕೆಳಗಿಳಿಯುತ್ತದೆ, ಆದರೆ ಒಂದೇ ಒಂದು ಪಕ್ಕದ ಬೇರು ಬಿಡುವುದಿಲ್ಲ. ಮೊದಲ ಸಲ ಆ ಚಿತ್ರ ನೋಡಿದಾಗ ಬಹಳ ಹೊತ್ತು ನೋಡುತ್ತಲೇ ಇದ್ದೆ.

ಪಕ್ಕದ ಬೇರಿನ ವಿಷಯ ಬಂತು ಅಂತ ಹೇಳುತ್ತೇನೆ, ಸ್ವಲ್ಪ ಉದ್ದವಾದರೂ ಓದಿ. ಪಕ್ಕದ ಬೇರು ಹುಟ್ಟುವುದು ತಾಯಿಬೇರಿನ ಆಳದಲ್ಲಿ, ಪೆರಿಸೈಕಲ್ ಅನ್ನುವ ಪದರದಲ್ಲಿ. ಅದರ ಹೊರಗೆ ಇನ್ನೂ ಮೂರು ಪದರ ಇವೆ. ಎಳೆ ಬೇರು ಅವನ್ನೆಲ್ಲ ದಾಟಿ ಬರಬೇಕು. ಗುದ್ದಿ ಒಡೆದುಕೊಂಡು ಬರುತ್ತದೆ ಅಂತ ಬಹಳ ಕಾಲ ಅಂದುಕೊಂಡಿದ್ದರು. ನಿಜವಾಗಿ ನಡೆಯುವುದು ಒಂದು ಮಾತುಕತೆ. ಎಳೆ ಬೇರಿನಿಂದ ಹೊರಟ ಆಕ್ಸಿನ್ ಮೇಲಿನ ಪದರದ ಕೋಶಗಳಿಗೆ ತಲುಪುತ್ತದೆ. ಅವು ತಮ್ಮ ನಡುವಿನ ಬಿಗಿತ ಸಡಿಲ ಮಾಡುತ್ತವೆ. ತೀರಾ ಪಕ್ಕದ ಎಂಡೊಡರ್ಮಿಸ್ ಕೋಶವಂತೂ ತನ್ನ ಗಾತ್ರವನ್ನೇ ಕುಗ್ಗಿಸಿಕೊಂಡು ಜಾಗ ಬಿಡುತ್ತದೆ. 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಈ ಒಂದು ಪದರಕ್ಕೆ ಮಾತ್ರ ಆಕ್ಸಿನ್ ಕೇಳಿಸದಂತೆ ಮಾಡಿದರು. ಬೇರು ಒಳಗೇ ಸಿಕ್ಕಿಬೀಳುತ್ತದೆ ಅಂತ ನೀವು ಅಂದುಕೊಳ್ಳಬಹುದು. ಹಾಗಾಗಲಿಲ್ಲ, ಪೆರಿಸೈಕಲ್ ಕೋಶ ಒಡೆಯಲೇ ಇಲ್ಲ. ಪಕ್ಕದ ಕೋಶ ಜಾಗ ಬಿಡದಿದ್ದರೆ ಬೇರು ಹುಟ್ಟುವುದೇ ಇಲ್ಲ.

ಕಡ್ಡಿನಾಟಿ

ಹಾಗಾದರೆ ಆಕ್ಸಿನ್ ಜಾಸ್ತಿ ಕೊಟ್ಟಷ್ಟೂ ತಡೆ ಜಾಸ್ತಿ ಹೋಗಬೇಕು, ಬೇರೂ ಜಾಸ್ತಿ ಬರಬೇಕು. ಪುಡಿ ದಪ್ಪಗೆ ಹಚ್ಚಬಹುದಾ?

ಮಣ್ಣುಹುಳು

ಬೇಡ. ಬುಡ ಕಪ್ಪಾಗಿ ಕೊಳೆತಂತಾಗುತ್ತದೆ, ಬೇಕಾದಷ್ಟು ಸಲ ನೋಡಿದ್ದೇನೆ. ಹಚ್ಚಿದ ಮೇಲೆ ಕಡ್ಡಿಯನ್ನು ತಟ್ಟಿ ಉದುರಿಸಿ, ಅಂಟಿದ್ದೇ ಸಾಕು. ಮೆತ್ತನೆಯ ಕಡ್ಡಿಗೆ 1000ದಿಂದ 3000 ಪಿಪಿಎಂ, ಗಟ್ಟಿ ಕಡ್ಡಿಗೆ ಅದಕ್ಕಿಂತ ಮೇಲೆ, 8000ದವರೆಗೂ ಬಳಸುವವರಿದ್ದಾರೆ. 1000 ಪಿಪಿಎಂ ಅಂದರೆ ಶೇ. 0.1. ಡಬ್ಬಿಯ ಮೇಲೆ ಹೀಗೂ ಬರೆದಿರುತ್ತದೆ, ಹಾಗೂ ಬರೆದಿರುತ್ತದೆ, ಗೊಂದಲ ಮಾಡಿಕೊಳ್ಳಬೇಡಿ.

ಗಾಜಿನಸೀಸೆ

ಮಣ್ಣುಹುಳು ಹೇಳಿದ್ದು ಸರಿ. ಕಳೆನಾಶಕ 2,4-ಡಿ ಕೂಡ ಒಂದು ಕೃತಕ ಆಕ್ಸಿನ್ನೇ. ಅತಿಯಾದಾಗ ಇದೇ ಸಂದೇಶ ಗಿಡವನ್ನು ಕೊಲ್ಲುತ್ತದೆ.

ಪ್ರಮಾಣದಷ್ಟೇ ಮುಖ್ಯ ಸಮಯ. ಗಾಜಿನ ಸೀಸೆಯಲ್ಲಿ ಬೆಳೆಸಿದ ಸೇಬಿನ ಪುಟ್ಟ ಕಡ್ಡಿಗಳ ಮೇಲೆ ಡಿ ಕ್ಲರ್ಕ್ ತಂಡ ಇದನ್ನು ಬಿಡಿಸಿ ನೋಡಿದೆ. ಮೊದಲ 24 ಗಂಟೆ ಕೋಶಗಳು ತಮ್ಮ ಹಳೆಯ ಕೆಲಸ ಬಿಡುತ್ತವೆ. ಆಮೇಲೆ 96 ಗಂಟೆಯವರೆಗೆ ಆಕ್ಸಿನ್‌ಗೆ ಓಗೊಟ್ಟು ಬೇರಾಗಲು ಹೊರಡುತ್ತವೆ. ಅಲ್ಲಿಂದ ಮುಂದೆ ಆಕ್ಸಿನ್ ಬೇಡವೇ ಬೇಡ. ಹುಟ್ಟಿಸಿದ ಅದೇ ವಸ್ತು ಈಗ ಬೇರಿನ ಬೆಳವಣಿಗೆಯನ್ನು ತಡೆಯುತ್ತದೆ. ಹೆಚ್ಚು ಆಕ್ಸಿನ್‌ನಲ್ಲೇ ಉಳಿದ ಕಡ್ಡಿಗಳಲ್ಲಿ ಗಿಡ್ಡ, ದಪ್ಪ ಬೇರು ಮತ್ತು ದೊಡ್ಡ ಕ್ಯಾಲಸ್ ಕಾಣುತ್ತೇವೆ. ಅದಕ್ಕೇ ನಾವು ಕೆಲವು ದಿನ ಆಕ್ಸಿನ್ ಇರುವ ಮಾಧ್ಯಮದಲ್ಲಿಟ್ಟು ಆಮೇಲೆ ಆಕ್ಸಿನ್ ಇಲ್ಲದ ಸೀಸೆಗೆ ಬದಲಿಸುತ್ತೇವೆ. ಆಕ್ಸಿನ್ ದ್ರಾವಣದಲ್ಲಿ ಐದು ಸೆಕೆಂಡು ಅದ್ದಿ ನೆಡುವ ಪದ್ಧತಿಯೂ ಇದೇ ಕಾರಣಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ: ಮೊದಲು ಒಮ್ಮೆ ಜೋರಾಗಿ, ಆಮೇಲೆ ಗಿಡ ತಾನೇ ಖರ್ಚು ಮಾಡಿ ಇಳಿಸಿಕೊಳ್ಳುತ್ತದೆ.

ಸೈಟೊಕೈನಿನ್ ಅನ್ನುವ ಇನ್ನೊಂದು ಹಾರ್ಮೋನಿನ ಜೊತೆಗಿನ ಅನುಪಾತವನ್ನೂ ಮರೆಯಬಾರದು. 1957ರಲ್ಲಿ ಸ್ಕೂಗ್ ಮತ್ತು ಮಿಲ್ಲರ್ ತಂಬಾಕಿನ ಅಂಗಾಂಶದಲ್ಲಿ ತೋರಿಸಿದ್ದು ಇದು. ಆಕ್ಸಿನ್ ಪಾಲು ಜಾಸ್ತಿಯಾದರೆ ಬೇರು, ಸೈಟೊಕೈನಿನ್ ಪಾಲು ಜಾಸ್ತಿಯಾದರೆ ಚಿಗುರು. ಎರಡೂ ಮಧ್ಯಮವಾಗಿದ್ದರೆ ಬರೀ ಕ್ಯಾಲಸ್. ಈಗ ನಿಮ್ಮ ಬಿಳಿ ಗಂಟನ್ನು ಇನ್ನೊಮ್ಮೆ ನೋಡಿ.

ನೆರಳುಗಿಡ

ನಡುವೆ ಬರುತ್ತಿದ್ದೇನೆ. ಕೆಲವು ಗಿಡಗಳು ಕತ್ತರಿಸದೆಯೂ ಕಾಂಡದಲ್ಲಿ ಬೇರು ಬಿಡುತ್ತವೆ. ನೀರು ನಿಂತ ಭತ್ತದಲ್ಲಿ ಗೆಣ್ಣಿನಿಂದ ಬೇರು ಬರುತ್ತದೆ. ಅದಕ್ಕೂ ಆಕ್ಸಿನ್ನೇ ಕಾರಣವಾ?

ಬೇರುಬಿಳಲು

ಅಲ್ಲಿ ಮುಂದಾಳು ಎಥಿಲೀನ್, ಅನಿಲ ರೂಪದ ಹಾರ್ಮೋನು. ಭತ್ತದ ಗೆಣ್ಣಿನಲ್ಲಿ ಬೇರಿನ ಮೊನೆಗಳು ಮೊದಲೇ ತಯಾರಾಗಿ ಕಾದಿರುತ್ತವೆ. ಕಾಂಡ ನೀರಿನಲ್ಲಿ ಮುಳುಗಿದಾಗ ಎಥಿಲೀನ್ ಹೊರಗೆ ಹೋಗಲಾರದೆ ಒಳಗೇ ಶೇಖರವಾಗುತ್ತದೆ. ಆಗ ಮೊನೆಯ ನೇರಕ್ಕೆ ಇರುವ ಹೊರಚರ್ಮದ ಕೋಶಗಳು ಸಾಯುತ್ತವೆ. ಬೇರೆಲ್ಲೂ ಅಲ್ಲ, ಆ ಮೊನೆಯ ಮೇಲೆ ಮಾತ್ರ. ಬೇರು ಆ ದಾರಿಯಿಂದ ಹೊರಬರುತ್ತದೆ. ವಿಲೋ ಮರದ ಕಡ್ಡಿ ಪುಡಿ ಇಲ್ಲದೆಯೇ ಬೇರು ಬಿಡುವುದಕ್ಕೂ ಕಾಂಡದಲ್ಲಿ ಮೊದಲೇ ಕಾದಿರುವ ಇಂಥ ಮೊನೆಗಳೇ ಕಾರಣ.

ನೀರೂ ಒಂದು ಸಂಕೇತವೇ. ಬೇರಿನ ಒಂದು ಬದಿಗೆ ತೇವದ ಮಣ್ಣು, ಇನ್ನೊಂದು ಬದಿಗೆ ಗಾಳಿ ಇದ್ದರೆ ಪಕ್ಕದ ಬೇರು ತೇವದ ಬದಿಗೇ ಹುಟ್ಟುತ್ತದೆ. ಒಂದು ಕೂದಲಿನಷ್ಟು ದಪ್ಪದ ಬೇರಿನಲ್ಲೂ ಈ ಬದಿ, ಆ ಬದಿ ಅನ್ನುವ ವ್ಯತ್ಯಾಸ ಗಿಡಕ್ಕೆ ತಿಳಿಯುತ್ತದೆ. ನೈಟ್ರೇಟ್ ಸಿಕ್ಕ ಜಾಗದಲ್ಲೂ ಹೀಗೇ. 1970ರ ದಶಕದಲ್ಲಿ ಡ್ರೂ ಬಾರ್ಲಿಯ ಬೇರಿನ ಒಂದು ಭಾಗಕ್ಕೆ ಮಾತ್ರ ನೈಟ್ರೇಟ್ ಹೆಚ್ಚು ಕೊಟ್ಟಾಗ ಅಲ್ಲಿ ಮಾತ್ರ ಪಕ್ಕದ ಬೇರು ದಟ್ಟವಾಗಿ ಬಂತು.

ಮಣ್ಣುಹುಳು

ಕೊನೆಗೊಂದು ನನ್ನ ಪ್ರಶ್ನೆ. ಎಳೆ ಗಿಡದ ಕಡ್ಡಿ ಬೇಗ ಹಿಡಿಯುತ್ತದೆ. ಅದೇ ಗಿಡ ವಯಸ್ಸಾಗಿ ಹೂ ಬಿಡಲು ಶುರು ಮಾಡಿದ ಮೇಲೆ ತುದಿಯ ಕಡ್ಡಿ ಯಾವ ಪುಡಿಗೂ ಬಗ್ಗುವುದಿಲ್ಲ. ಆಕ್ಸಿನ್ ಕಡಿಮೆಯಾಗುತ್ತದೆ ಅಂತಲಾ?

ಗಾಜಿನಸೀಸೆ

ಆಕ್ಸಿನ್ ಎಷ್ಟಿದೆ ಅನ್ನುವುದಕ್ಕಿಂತ ಅದಕ್ಕೆ ಓಗೊಡುವ ಶಕ್ತಿ ಕೋಶದಲ್ಲಿ ಉಳಿದಿದೆಯಾ ಅನ್ನುವುದು ಮುಖ್ಯ. ಐವಿ ಬಳ್ಳಿ ಇದಕ್ಕೆ ಒಳ್ಳೆಯ ಉದಾಹರಣೆ. ಹರಡಿ ಹತ್ತುವ ಎಳೆ ಹಂತದ ತುಂಡು ಆಕ್ಸಿನ್ ಕೊಟ್ಟರೆ ಸುಲಭವಾಗಿ ಬೇರು ಬಿಡುತ್ತದೆ. ಅದೇ ಬಳ್ಳಿಯ ಹೂ ಬಿಡುವ ಹಂತದ ಕೊಂಬೆಗೆ ಅದೇ ಆಕ್ಸಿನ್ ಕೊಟ್ಟರೂ ಬರುವುದು ಕಷ್ಟ. ಜೀನುಗಳೆಲ್ಲ ಅವೇ. ವಯಸ್ಸಿನ ಜೊತೆ ಇಳಿಯುವ ಮೈಕ್ರೋ ಆರ್‌ಎನ್‌ಎ 156 (ಬೇರೆ ಜೀನುಗಳ ಕೆಲಸವನ್ನು ತಗ್ಗಿಸುವ ಪುಟ್ಟ ಆರ್‌ಎನ್‌ಎ) ಇದರಲ್ಲಿ ಒಂದು ಕೊಂಡಿ, ಅದು ಜಾಸ್ತಿ ಇರುವಾಗ ಬೇರು ಬಿಡುವ ಶಕ್ತಿಯೂ ಜಾಸ್ತಿ. ಅದಕ್ಕೇ ಮರವನ್ನು ಬುಡದ ಹತ್ತಿರ ಕತ್ತರಿಸಿ, ಅಲ್ಲಿಂದ ಎದ್ದ ಚಿಗುರನ್ನೇ ಕಡ್ಡಿಗೆ ಆರಿಸುವುದು. ಬುಡದ ಭಾಗ ಎಳೆತನವನ್ನು ಹೆಚ್ಚು ಕಾಲ ಉಳಿಸಿಕೊಂಡಿರುತ್ತದೆ.

ಕಡ್ಡಿನಾಟಿ

ಗಂಟು ಕಟ್ಟಿದ ಒಂದು ಕಡ್ಡಿಯನ್ನು ಬೇರುಬಿಳಲು ಹೇಳಿದ ಹಾಗೆ ಸೀಳಿ ನೋಡಿದೆ. ಗಂಟು ಪುಡಿಪುಡಿಯಾಗಿ ಉದುರುತ್ತದೆ. ಒಳಗಿನ ಮರಭಾಗದ ಅಂಚು ನಯವಾಗಿದೆ, ಒಂದು ಮೊನೆಯೂ ಇಲ್ಲ. ಎಲೆ ಇದ್ದ ಕಡ್ಡಿಯಲ್ಲಿ ಗಂಟು ಚಿಕ್ಕದು, ಅದರ ಸ್ವಲ್ಪ ಮೇಲೆ ತೊಗಟೆ ಉಬ್ಬಿರುವ ಕಡೆಯೆಲ್ಲ ಒಳಗೆ ಬಿಳಿ ಮೊನೆ ಇದೆ. ಉಳಿದ ಗಂಟು ಕಡ್ಡಿಗಳನ್ನು ಉಳಿಸಿಕೊಳ್ಳಬಹುದಾ?

ಬೇರುಬಿಳಲು

ಅವುಗಳಲ್ಲಿ ಈಗ ಕುಡಿ ಚಿಗುರಿದ್ದರೆ ಪ್ರಯತ್ನಿಸಿ, ಚಿಗುರದೆ ಇದ್ದರೆ ಬಿಟ್ಟುಬಿಡಿ. ಗಂಟನ್ನು ಪೂರ್ತಿ ಕತ್ತರಿಸಿ ಹಸಿರು ತೊಗಟೆ ಕಾಣುವವರೆಗೆ ಮೇಲೆ ಬನ್ನಿ. ಒಂದು ಬದಿಯಲ್ಲಿ ತೊಗಟೆಯನ್ನು ತೆಳ್ಳಗೆ ಕೆರೆಯಿರಿ. ಮೊದಲಿಗಿಂತ ಕಡಿಮೆ ಪುಡಿ ಸಾಕು. ಮುಂದಿನ ಸಲ ಕಡ್ಡಿಯ ತುದಿಯಲ್ಲಿ ಎರಡು ಎಲೆ ಬಿಡಿ. ದೊಡ್ಡ ಎಲೆಯಾದರೆ ಅಡ್ಡಕ್ಕೆ ಅರ್ಧ ಕತ್ತರಿಸಿ, ನೀರು ಆರುವುದು ಕಡಿಮೆಯಾಗುತ್ತದೆ, ಸಕ್ಕರೆಯೂ ಸಿಗುತ್ತದೆ. ಮೇಲೆ ಪಾರದರ್ಶಕ ಮುಚ್ಚಳ ಇರಲಿ, ನೇರ ಬಿಸಿಲು ಬೇಡ, ಆದರೆ ಬೆಳಕು ಬೇಕೇ ಬೇಕು. ಕತ್ತಲಲ್ಲಿಟ್ಟರೆ ಎಲೆ ಇದ್ದೂ ಪ್ರಯೋಜನ ಇಲ್ಲ.

ಎಲೆಮನೆ

ನಾನು ಇದನ್ನೇ ಕೋಲಿಯಸ್ ಗಿಡದಲ್ಲಿ ಮಾಡಿ ನೋಡುತ್ತೇನೆ, ಅದು ಬೇಗ ಬೇರು ಬಿಡುತ್ತದೆ. ಒಂದು ಗುಂಪಿಗೆ ಎಲೆ ಮತ್ತು ಕುಡಿ ಎರಡೂ. ಒಂದಕ್ಕೆ ಎಲೆ ಮಾತ್ರ, ಒಂದಕ್ಕೆ ಕುಡಿ ಮಾತ್ರ, ಒಂದು ಪೂರ್ತಿ ಬೋಳು. ಪುಡಿ ಯಾವುದಕ್ಕೂ ಇಲ್ಲ. ಎಲ್ಲವೂ ನೀರು ತುಂಬಿದ ಗಾಜಿನ ಲೋಟದಲ್ಲಿ, ಲೋಟಕ್ಕೆ ಹೊರಗಿನಿಂದ ಕಪ್ಪು ಕಾಗದ ಸುತ್ತಿ. ಇನ್ನೊಂದು ಬೋಳು ಗುಂಪಿಗೆ ಮಾತ್ರ ಐಬಿಎ ಕೊಡಬೇಕು ಅಂತಿದ್ದೇನೆ.

ಗಾಜಿನಸೀಸೆ

ಆ ಕೊನೆಯ ಗುಂಪಿನಲ್ಲಿ ಬೇರು ಎಷ್ಟು ಬಂತು ಅನ್ನುವುದರ ಜೊತೆ ಎಷ್ಟು ಉದ್ದ ಬೆಳೆಯಿತು ಅಂತಲೂ ಅಳೆಯಿರಿ. ಕಾಂಡದಲ್ಲಿ ಕೂಡಿಟ್ಟ ಸಕ್ಕರೆಯಿಂದ ಮೊನೆಗಳು ಹುಟ್ಟಿ, ಆಮೇಲೆ ಬೆಳೆಯಲಾರದೆ ನಿಂತರೆ ಅದು ಉದ್ದದಲ್ಲೇ ಕಾಣುವುದು.